ನಿಕಲ್ ಅಂದ್ರ ಏನ್ರಿ, ಮಾಸ್ತರ?

ಬೈಲಹೊಂಗಲದ ಬಸ್ ನಿಲ್ದಾಣದ ಎದುರಿಗೆ ಸಾಲಾಗಿರುವ ಬಳೆ-ಸರದ ಅಂಗಡಿಗಳಲ್ಲಿ ಒಂದರ ಮುಂದೆ ಕಳೆದ ತಿಂಗಳು ನಿಂತಿದ್ದೆ. ಮೊಮ್ಮಗಳಿಗೆ ಒಂದು ಜೊತೆ ಓಲೆ ಬೇಕಾಗಿತ್ತು. ಆಭರಣದ ವಿಷಯದಲ್ಲಿ ನನ್ನ ಪಾಂಡಿತ್ಯ ದೊಡ್ಡದಲ್ಲ. ಕಿವಿಯದನ್ನು ಕಿವಿಗೂ ಮೂಗಿನದನ್ನು ಮೂಗಿಗೂ ಹಾಕುತ್ತಾರೆ ಎಂಬಷ್ಟನ್ನು ಮಾತ್ರ ಖಚಿತವಾಗಿ ಬಲ್ಲೆ. ಅಂಗಡಿಯ ಹುಡುಗಿ ರಟ್ಟಿಗೆ ಚುಚ್ಚಿದ್ದ ಎರಡು ಓಲೆಗಳನ್ನು ನನ್ನ ಮುಂದೆ ಹಿಡಿದಳು.

“ಇವನ್ನ ಒಯ್ರಿ ಅಜ್ಜಾರ. ಇದರಾಗ ನಿಕಲ್ ಇಲ್ರಿ. ಕಿವಿ ಹುಣ್ಣ ಆಗೂದಿಲ್ಲ.”

“ನಿಕಲ್ ಇಲ್ಲಂತ ನಿನಗ ಹೆಂಗ ಗೊತ್ತವಾ?”

“ರಟ್ಟಿನ ಮ್ಯಾಲ ಬರದಾರಲ್ರಿ!”

ಬರೆದಿದ್ದರು, ನಿಜ. ಆದರೂ ಆ ಉರಿಬಿಸಿಲಿನಲ್ಲಿ ನನ್ನ ಬೆನ್ನಿನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟಂತಾಯಿತು. ಒಂದು ಲೋಹದ ಹೆಸರು ಕೇಳಿ ಎಪ್ಪತ್ತು ದಾಟಿದ ಗಂಡಸು ಬೆಚ್ಚಿಬೀಳುವುದೆಂದರೇನು ಎಂದು ನೀವು ನಗಬಹುದು. ನಗಿರಿ, ಆದರೆ ಈ ಅಂಗಡಿಯ ನೆರಳಿನಲ್ಲಿ ನನ್ನೊಂದಿಗೆ ಸ್ವಲ್ಪ ನಿಲ್ಲಿರಿ. ನಾನು ಹೋಗಬೇಕೆಂದು ಬಂದ ಮನೆ ಇಲ್ಲಿಂದ ದೂರವಿಲ್ಲ. ಹೋಗುವ ಧೈರ್ಯ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾನು ಈ ಊರಿನ ಒಂದು ಹೈಸ್ಕೂಲಿನಲ್ಲಿ ಹಿಂದಿ ಮಾಸ್ತರ, ಬ್ರಹ್ಮಚಾರಿ, ರಾಷ್ಟ್ರಭಾಷೆಯ ಏಕಾಂಗಿ ಸೈನಿಕ. ಊರಿಗೆ ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಜನರಿಗೆ ತಮಗೆ ಬೇಕಾದಷ್ಟು ಹಿಂದಿ ಮೊದಲೇ ಬರುತ್ತಿತ್ತು, ಅದೂ ನನ್ನ ಹಿಂದಿಗಿಂತ ಗಟ್ಟಿಮುಟ್ಟಾಗಿ. ‘ಚಲೋ’ ಎಂದರೆ ನಡೆ ಎಂದು ನಾನು ತರಗತಿಯಲ್ಲಿ ಹೇಳಿದಾಗ ಹುಡುಗರು ನನ್ನನ್ನು ಕನಿಕರದಿಂದ ನೋಡಿದರು. ಚಲೋ ಎಂದರೆ ಒಳ್ಳೆಯದು ಎಂದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಇನ್ನು ‘ನಿಕಲ್’ ಎಂಬ ಪದವನ್ನಂತೂ ನಾನು ಕಲಿಸಬೇಕಾಗಿಯೇ ಇರಲಿಲ್ಲ. ಗಾಳಿ ಹಿಡಿದವರನ್ನು ಮುಂದೆ ಕೂರಿಸಿಕೊಂಡು ನವಿಲುಗರಿ ಆಡಿಸುವ ಫಕೀರನೊಬ್ಬ ಆಗೀಗ ಊರಿಗೆ ಬರುತ್ತಿದ್ದ. “ನಿಕಲ್! ನಿಕಲ್!” ಎಂದು ಅವನು ಗದರಿದರೆ ದೆವ್ವ ಹೋಗುತ್ತಿತ್ತೋ ಇಲ್ಲವೋ, ನಿಂತು ನೋಡುತ್ತಿದ್ದ ನಾವಂತೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆವು.

ನಾನು ಬಾಡಿಗೆಗೆ ಇದ್ದದ್ದು ರುದ್ರಪ್ಪನ ಮನೆಯ ಮುಂಭಾಗದ ಕೋಣೆಯಲ್ಲಿ. ರುದ್ರಪ್ಪನದು ಭಾಂಡೆ ಅಂಗಡಿ. ಹಿತ್ತಾಳೆ, ತಾಮ್ರ, ಬೆಳ್ಳಿಯಂತೆ ಹೊಳೆಯುವ ಜರ್ಮನ್, ಆಗಷ್ಟೇ ಬರತೊಡಗಿದ್ದ ಸ್ಟೀಲು. ಅಂಗಡಿಯಲ್ಲಿ ಹಿಡಿಸದ ಪಾತ್ರೆಗಳು ಮನೆಯ ಹಿಂದಿನ ಕೋಣೆಯಲ್ಲಿ ಸೂರಿನವರೆಗೆ ಏರಿ ಕುಳಿತಿರುತ್ತಿದ್ದವು. ಮಟಮಟ ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಅಲುಗದ ಹೊತ್ತಿನಲ್ಲಿ, ಒಳಗಿನಿಂದ ‘ಠಣ್’ ಎಂದು ಒಂದೇ ಒಂದು ಸದ್ದು ಬರುತ್ತಿತ್ತು. ಕಾದ ಲೋಹ ಹಿಗ್ಗುತ್ತದೆ ಎಂದು ವಿಜ್ಞಾನದ ಮಾಸ್ತರು ನನಗೆ ವಿವರಿಸಿದ್ದರು. ಅವರ ಮನೆ ಬೇರೆ ಓಣಿಯಲ್ಲಿತ್ತು. ವಿವರಿಸುವುದು ಅವರಿಗೆ ಸುಲಭ.

ಮನೆಯಲ್ಲಿ ಇದ್ದವರು ಮೂವರು: ರುದ್ರಪ್ಪ, ಅವನ ತಾಯಿ ಬಸಲಿಂಗವ್ವ, ಅವನ ಎರಡನೆಯ ಹೆಂಡತಿ ಗೌರವ್ವ. ಮೂವರು ಎಂದು ನಾನು ಹೇಳುತ್ತಿದ್ದೇನೆ. ಬಸಲಿಂಗವ್ವನನ್ನು ಕೇಳಿದ್ದರೆ ನಾಲ್ವರು ಎನ್ನುತ್ತಿದ್ದಳು. ಮೊದಲನೆಯ ಹೆಂಡತಿ ನೀಲವ್ವ ಜ್ವರ ಬಂದು ತೀರಿಕೊಂಡಿದ್ದಳು. ಆಕೆ ಬರೀ ಸೊಸೆಯಲ್ಲ, ಬಸಲಿಂಗವ್ವನ ತಮ್ಮನ ಮಗಳು. ಆಡುವ ವಯಸ್ಸಿನಿಂದ ಈ ಮನೆಯಲ್ಲೇ ಬೆಳೆದವಳು. ಹೀಗೆ ಸತ್ತ ಹೆಂಡತಿಯ ಜಾಗಕ್ಕೆ ಇನ್ನೊಬ್ಬಳು ಬಂದರೆ ಆ ಮನೆತನದಲ್ಲಿ ಒಂದು ರೂಢಿಯಿತ್ತು. ಸತ್ತವಳ ಹೆಸರಿನಲ್ಲಿ ರೂಪಾಯಿಯಗಲದ ಬೆಳ್ಳಿಯ ಬಿಲ್ಲೆಯೊಂದನ್ನು ಮಾಡಿಸುತ್ತಾರೆ. ಅದರ ಮೇಲೆ ಒಂದು ಹೆಣ್ಣಿನ ರೂಪ ಒತ್ತಿರುತ್ತದೆ. ಅದಕ್ಕೆ ‘ಸವತಿ ಟಾಕ’ ಎನ್ನುತ್ತಾರೆ. ಬದುಕಿರುವವಳು ಅದನ್ನು ಕೊರಳಲ್ಲಿ ಕಟ್ಟಿಕೊಳ್ಳಬೇಕು. ಬೆಳಿಗ್ಗೆ ಅಂಗೈಯಲ್ಲಿಟ್ಟು ತೊಳೆದು ಅರಿಷಿಣ-ಕುಂಕುಮ ಹಚ್ಚಬೇಕು, ಇವತ್ತು ಏನು ಅಡುಗೆ ಮಾಡಲಿ ಎಂದು ಕೇಳಬೇಕು, ಮೊದಲ ತುತ್ತು ತೋರಿಸಬೇಕು. ಅಂದರೆ ಗಂಡನನ್ನು ಬಿಟ್ಟುಕೊಟ್ಟವಳಿಗೆ ಅಡುಗೆಮನೆಯ ಅಧಿಕಾರವನ್ನಾದರೂ ಉಳಿಸಿಕೊಡುವ ಒಂದು ಒಪ್ಪಂದ. ಎಷ್ಟೋ ಬದುಕಿರುವ ಸವತಿಯರ ನಡುವೆ ಇಷ್ಟು ಒಳ್ಳೆಯ ಒಪ್ಪಂದವಿರುವುದಿಲ್ಲ.

ಗೌರವ್ವ ನೇಸರಗಿಯ ಹೆಣ್ಣು. ಇಪ್ಪತ್ತರ ಆಸುಪಾಸು, ಮಾತು ಕಡಿಮೆ. ಕಡಿಮೆ ಎಂದರೆ ಆಡಲು ಯಾರೂ ಇರಲಿಲ್ಲ. ರುದ್ರಪ್ಪ ಬೆಳಗಾದರೆ ಅಂಗಡಿಗೆ ಹೋಗುವನು. ಬಸಲಿಂಗವ್ವ ಸೊಸೆಗೆ ಹೇಳಬೇಕಾದದ್ದನ್ನು ಬೆಕ್ಕಿಗೋ ಕಂಬಕ್ಕೋ ಹೇಳುತ್ತಿದ್ದಳು: “ಕೆಲವರಿಗೆ ಒಲಿ ಮ್ಯಾಲಿನ ಹಾಲು ಉಕ್ಕಿದ್ದೂ ಕಾಣೂದಿಲ್ಲ ನೋಡು, ಬೆಕ್ಕವ್ವ!” ಹೀಗಾಗಿ ಗೌರವ್ವನ ಮಾತೆಲ್ಲ ಬೆಳಗಿನ ಹೊತ್ತು ಆ ಟಾಕದ ಜೊತೆಗೇ. ನನ್ನ ಕೋಣೆಗೂ ದೇವರ ಜಗುಲಿಗೂ ನಡುವೆ ಒಂದೇ ಗೋಡೆ. ನಾನು ಗಡ್ಡ ಹೆರೆದುಕೊಳ್ಳುತ್ತ ಕೇಳುತ್ತಿದ್ದೆ.

“ಅಕ್ಕಾ, ಇವತ್ತ ಬದನಿಕಾಯಿ ಎಣ್ಣಿಗಾಯಿ ಮಾಡ್ಲೇನು?”

ಆಮೇಲೆ ಮೌನ. ಮೌನದೊಳಗೆ ಏನೋ ಮೆಲ್ಲನೆ ಕೆರೆದಂತೆ ಒಂದು ಸದ್ದು.

“ಹಂಗಾರ ಬ್ಯಾಡ ಬಿಡು. ಹೆಸರಕಾಳು?”

ಮತ್ತೆ ಮೌನ. ಈ ಸಲ ಕೆರೆವ ಸದ್ದಿಲ್ಲ.

“ಹೂಂ. ಹೆಸರಕಾಳು ಮಾಡತೇನಿ.”

ಮೊದಮೊದಲು ನನಗೆ ತಮಾಷೆಯೆನಿಸಿತು. ಉತ್ತರ ಕೊಡುವವರಿಗೆ ಬೇಕಾದಷ್ಟೇ ಹೊತ್ತು ಬಿಟ್ಟು, ಉತ್ತರಕ್ಕೆ ತಕ್ಕಂತೆ ಮಾತು ಬದಲಿಸುವ ಆ ಕ್ರಮಕ್ಕೆ ನಾನು ನಿಧಾನವಾಗಿ ಒಗ್ಗಿಹೋದೆ. ಒಂದು ದಿನ ಮೌನ ಬಹಳ ಉದ್ದವಾಯಿತು. ಅರ್ಧ ಗಡ್ಡಕ್ಕೆ ಸಾಬೂನು ಬಳಿದುಕೊಂಡು, ಉಸಿರು ಬಿಗಿಹಿಡಿದು, ಗೋಡೆಗೆ ಕಿವಿಗೊಟ್ಟು ನಿಂತ ನನ್ನನ್ನು ನಾನೇ ಕನ್ನಡಿಯಲ್ಲಿ ಕಂಡೆ. ನಾನು ಕಾಯುತ್ತಿದ್ದದ್ದು ಗೌರವ್ವನ ದನಿಗಾಗಿ ಅಲ್ಲ ಎಂದು ಹೊಳೆದಾಗ ಕತ್ತಿ ಗಲ್ಲಕ್ಕೆ ತಾಗಿತು.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಬಸಲಿಂಗವ್ವ ಊಟಕ್ಕೆ ಕುಳಿತವಳು ತುತ್ತನ್ನು ಬಾಯಿಯ ತನಕ ಒಯ್ದು ಕೆಳಗಿಟ್ಟಳು. ರವಿವಾರವಾದ್ದರಿಂದ ನನಗೂ ಅಂದು ಅಲ್ಲೇ ಊಟ.

“ಈ ಪಲ್ಯಾಕ ಏನ ಹಾಕಿ?” ಎಂದು ಕೇಳಿದಳು. ಈ ಸಲ ಬೆಕ್ಕಿಗಲ್ಲ, ನೇರವಾಗಿ ಸೊಸೆಗೆ.

“ಗುರೆಳ್ಳ ಪುಡಿರಿ. ಹುರದು, ಒಂದೀಟು ಹುಣಸಿಚಿಗಳಿ ಕೂಡ ಕುಟ್ಟಿ.”

“ಯಾರ ಹೇಳಿದ್ರು?”

ಗೌರವ್ವ ಕೊರಳಿನ ಟಾಕವನ್ನು ಬೆರಳಿನಿಂದ ಮುಟ್ಟಿದಳು, ಅಷ್ಟೇ. ಹುಣಸೆಹಣ್ಣು ಜಜ್ಜಿದ ಚಿಗಳಿ ಕೂಡಿಸಿ ಗುರೆಳ್ಳು ಕುಟ್ಟುವುದು ನೀಲವ್ವನ ಕೈಗುಣವಂತೆ. ಆಕೆ ಹೋದ ಮೇಲೆ ಆ ರುಚಿ ಈ ಮನೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲವಂತೆ. ಎಲ್ಲರೂ ಎದ್ದ ಮೇಲೆ ನಾನು ವಿಚಾರವಾದಿಯಾಗಿ ಯೋಚಿಸಿದೆ: ಡಬ್ಬಿಯ ತಳದಲ್ಲಿ ಹಳೆಯ ಪುಡಿ ಉಳಿದಿದ್ದೀತು, ನೆರೆಯವರು ಹೇಳಿದ್ದಾರು. ವಿಚಾರವಾದ ಬಹಳ ಚೆನ್ನಾಗಿತ್ತು. ಪಲ್ಯವನ್ನು ಮಾತ್ರ ತಟ್ಟೆಯಲ್ಲಿ ಬಿಟ್ಟಿದ್ದೆ.

ಇಷ್ಟರಲ್ಲಿ ಗೌರವ್ವನ ಕೈ ಕೆಟ್ಟಿತ್ತು. ಬೆರಳುಗಳ ಸಂದಿಯಲ್ಲಿ, ಚರ್ಮದ ಒಳಗೆ ಸಾಬೂದಾಣಿ ಹುದುಗಿಸಿಟ್ಟಂತೆ ಸಣ್ಣ ನೀರಗುಳ್ಳೆ. ಅವು ಒಡೆದು, ಅಂಗೈ ಬೇಸಿಗೆಯ ಎರೆಹೊಲದಂತೆ ಬಿರಿಯಿತು. ರೊಟ್ಟಿ ಬಡಿಯುವಾಗ ಜೋಳದ ಹಿಟ್ಟಿಗೆ ರಕ್ತ ಹತ್ತುತ್ತಿತ್ತು. ಕೊರಳ ಕೆಳಗೆ, ಟಾಕ ಕೂರುವ ಜಾಗದಲ್ಲಿ, ರೂಪಾಯಿಯಗಲದ ಕೆಂಪು ವೃತ್ತ. ಅದರೊಳಗೆ ಎರಡು ಚುಕ್ಕೆ. ಅಕ್ಕಸಾಲಿಗ ನೀಲವ್ವನ ರೂಪಕ್ಕೆ ಕಣ್ಣುಗಳನ್ನು ಸ್ವಲ್ಪ ದೊಡ್ಡದಾಗಿಯೇ ಕೊಟ್ಟಿದ್ದ. ಬಸಲಿಂಗವ್ವ ಆ ಚುಕ್ಕೆಗಳನ್ನು ದಿಟ್ಟಿಸಿ ನೋಡಿ, “ಕಣ್ಣ ತಗದಾಳ,” ಎಂದಳು. ಯಾರೂ ನಗಲಿಲ್ಲ.

ಬೇವು ಅರೆದು ಹಚ್ಚಿದರು, ಸವದತ್ತಿಯ ಗುಡ್ಡದಿಂದ ದೇವಿಯ ಭಂಡಾರದ ಅರಿಷಿಣ ತಂದು ಹಚ್ಚಿದರು. ಕಡಿಮೆಯಾಗಲಿಲ್ಲ. ಪಂಚಮಿಗೆಂದು ಗೌರವ್ವ ತವರಿಗೆ ಹೋದಳು. ಸವತಿ ತವರಿಗೆ ಬರುವುದಿಲ್ಲ. ಹಾಗಾಗಿ ರೂಢಿಯಂತೆ ಟಾಕವನ್ನು ಬಿಚ್ಚಿ ಇಲ್ಲಿಯೇ ಜಗುಲಿಯ ಮೇಲಿಟ್ಟು ಹೋದಳು. ನೇಸರಗಿಯಲ್ಲಿ ಕೆಲವು ವಾರ ಉಳಿದಿದ್ದು ಮರಳಿ ಬಂದಾಗ ಕೈ ಹೂವಿನಂತಾಗಿತ್ತು. ಟಾಕ ಕಟ್ಟಿಕೊಂಡಳು. ವಾರ ಕಳೆಯುವುದರೊಳಗೆ ಮತ್ತೆ ಅದೇ ವೃತ್ತ, ಅದೇ ಕಣ್ಣು, ಅದೇ ಸಾಬೂದಾಣಿ. ದೀಪಾವಳಿಗೆ ಹೋಗಿ ಬಂದಾಗಲೂ ಹಾಗೆಯೇ ಆಯಿತು.

ಬಸಲಿಂಗವ್ವನ ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. “ನೇಸರಗ್ಯಾಗ ಇದ್ರ ಆರಾಮ. ಈ ಹೊಸ್ತಿಲಾ ದಾಟಿದ್ರ ಹುಣ್ಣು. ಅಂದ್ರೇನು? ನೀಲವ್ವಗ ಈಕಿ ಈ ಮನ್ಯಾಗ ಇರೂದು ಮನಸಿಲ್ಲ. ಈಕಿನ್ನ ತವರಿಗೆ ಕಳಿಸಿಬಿಡೂದು ಚಲೋ.” ಕಳಿಸುವುದೆಂದರೆ ಹಬ್ಬಕ್ಕೆ ಕಳಿಸುವಂತಲ್ಲ, ಕಾಯಮ್ಮಾಗಿ. ಗಂಡ ಬಿಟ್ಟವಳೆಂಬ ಹೆಸರು ಹೊತ್ತು ಅಣ್ಣಂದಿರ ಮನೆಯ ಮೂಲೆಯಲ್ಲಿ ಗೌರವ್ವ ಉಳಿದ ಜೀವಮಾನವನ್ನು ಕಳೆಯಬೇಕಾಗುತ್ತಿತ್ತು. ರುದ್ರಪ್ಪ ತಾಯಿಯ ಮಾತಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೊನೆಗೆ, “ಒಮ್ಮೆ ಬೆಳಗಾವಿ ಡಾಕ್ಟರಗ ತೋರಿಸಿ ಆಮ್ಯಾಲೆ ನೋಡೂಣು, ಅವ್ವಾ,” ಎಂದ.

ಬೆಳಗಾವಿಗೆ ಆಗ ಉತ್ತರದ ಕಡೆಯ ಒಬ್ಬ ಚರ್ಮದ ಡಾಕ್ಟರು ಬಂದಿದ್ದರು. ಕನ್ನಡ ಬರುತ್ತಿರಲಿಲ್ಲ. ಹೀಗಾಗಿ ದುಭಾಷಿಯಾಗಿ ನನ್ನ ನೇಮಕವಾಯಿತು. ಸೇವಾವಧಿಯಲ್ಲಿ ಮೊದಲ ಬಾರಿಗೆ ಹಿಂದಿಯ ಅಗತ್ಯ ಬಿದ್ದಿದೆ ಎಂದು ನಾನು ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಹೊರಟೆ. ಬಸಲಿಂಗವ್ವ ಪರದೆಯ ಹೊರಗೆ ಬಾಕಿನ ಮೇಲೆ ಕುಳಿತಳು. ರುದ್ರಪ್ಪ ಆಸ್ಪತ್ರೆಯ ವಾಸನೆ ತಡೆಯದೆ ಬಾಗಿಲಿಗೇ ನಿಂತ. ಡಾಕ್ಟರು ಗೌರವ್ವನ ಅಂಗೈ ನೋಡಿದರು, ಕೊರಳ ವೃತ್ತ ನೋಡಿದರು. ಟಾಕವನ್ನು ಬಿಚ್ಚಿಸಿ, ಚಿಮಟಿಗೆಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ರೋಗದ ಹೆಸರನ್ನು ಪತ್ತೆ ಹಚ್ಚಿದವನ ಹಿಗ್ಗಿನಿಂದ, ಗಟ್ಟಿ ದನಿಯಲ್ಲಿ, “ನಿಕಲ್!” ಎಂದರು. ಮತ್ತೆ, “ನಿಕಲ್, ನಿಕಲ್!”

ಪರದೆಯ ಆಚೆ ಬಾಕು ಕಿರ್ರೆಂದಿತು.

ಅವರು ಹೇಳಿದ್ದು ಇಷ್ಟು: ಇದು ಬೆಳ್ಳಿಯಲ್ಲ, ಜರ್ಮನ್ ಸಿಲ್ವರ್. ಇದರಲ್ಲಿ ನಿಕಲ್ ಎಂಬ ಲೋಹ ಇರುತ್ತದೆ. ಕೆಲವರ ಮೈಗೆ ಅದು ಆಗದು. ಒಮ್ಮೆ ಆಗದಾಯಿತೆಂದರೆ ಜೀವ ಇರುವ ತನಕ ಆಗದು. ಮುಟ್ಟಿದಾಗಲೆಲ್ಲ ಮರುದಿನ, ಅದರ ಮರುದಿನ ಏಳುತ್ತದೆ. ಇದನ್ನು ತೆಗೆದರೆ ವಾಸಿ. ನಾನು ಗೌರವ್ವನಿಗೆ ಎಲ್ಲವನ್ನೂ ಶುದ್ಧವಾಗಿ ಅನುವಾದಿಸಿದೆ. ಹೊರಗಿದ್ದವಳಿಗೆ ಆ ಹೊತ್ತಿಗಾಗಲೇ ಅನುವಾದದ ಅಗತ್ಯ ಉಳಿದಿರಲಿಲ್ಲ.

ಮರಳಿ ಬರುವ ಬಸ್ಸು ನೇಸರಗಿಯ ಮೇಲೆ ಹಾಯ್ದು ಬರುತ್ತದೆ. ನೇಸರಗಿಯಲ್ಲಿ ಬಸ್ಸು ನಿಂತಿತು. ಬಸಲಿಂಗವ್ವ ಪಕ್ಕದಲ್ಲಿದ್ದ ಸೊಸೆಯ ಗಂಟನ್ನು ಎತ್ತಿ ಅವಳ ತೊಡೆಯ ಮೇಲಿಟ್ಟಳು.

“ಇಳಿ. ನಿಮ್ಮೂರು ಬಂತು.”

ಗೌರವ್ವ ಅತ್ತೆಯ ಮುಖ ನೋಡಿದಳು. “ಅತ್ತೀ...”

“ನಾ ಅಂದದ್ದಲ್ಲವಾ. ಡಾಕ್ಟರನ ಅಂದಾನ. ನಿಕಲ್ ಅಂದ. ಒಮ್ಮೆ ಅಲ್ಲ, ಮತ್ತ ಮತ್ತ ಅಂದ. ಕಿವಿಯಾರೆ ಕೇಳೇನಿ.”

ನಾನು ಧಡಕ್ಕನೆ ಎದ್ದೆ. “ಅಮ್ಮಾರ, ಅದು ಹಂಗಲ್ರಿ! ನಿಕಲ್ ಅಂದ್ರ ಒಂದು ಲೋಹ. ತಾಮ್ರ ಇದ್ದಂಗ, ತವರ ಇದ್ದಂಗ...”

“ಮಾಸ್ತರ, ನಮ್ಮ ಕಟ್ಟೀ ಮ್ಯಾಲ ಹುಡುಗೂರನ್ನ ಕುಂದರಿಸಿಕೊಂಡು ದಿನಾ ಸಂಜೀಕ ಬಾಯಿಪಾಠ ಮಾಡಸ್ತೀರಿ. ನಿಕಲ್ ಅಂದ್ರ ಏನ್ರಿ? ಹೇಳ್ರಿ, ಎಲ್ಲಾರೂ ಕೇಳ್ಲಿ.”

ಇಡೀ ಬಸ್ಸು ನನ್ನ ಕಡೆ ತಿರುಗಿತು. ವಿಧ್ಯರ್ಥ, ಏಕವಚನ, ‘ಹೊರಡು’. ನನ್ನ ಬಾಯಿ ತೆರೆದೇ ಇತ್ತು. ಅದರಿಂದ ಯಾವ ಲೋಹವೂ ಹೊರಬೀಳಲಿಲ್ಲ.

“ಹೊರಗ ಹೋಗು ಅಂತ ಅಲ್ಲೇನ್ರಿ?” ಎಂದು ಹಿಂದಿನ ಸೀಟಿನ ಮುದುಕನೊಬ್ಬ ನನ್ನ ಪರವಾಗಿ ಉತ್ತರಿಸಿದ.

ಕಂಡಕ್ಟರ್ ಬಾಗಿಲಲ್ಲಿ ನಿಂತು, “ಪಾಠ ಸಾಲ್ಯಾಗ ಮಾಡ್ರೆಪಾ. ಇಳಿಯೂರು ಇಳೀರಿ, ಬಸ್ ಹೊಂಟೈತಿ,” ಎಂದ.

ಗೌರವ್ವ ಗಂಟು ಹಿಡಿದು ಎದ್ದಳು. ನಡೆದು ಹೋಗಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ರುದ್ರಪ್ಪ ಗಂಡಸರ ಸೀಟಿನಲ್ಲಿ ಕಲ್ಲಾಗಿ ಕುಳಿತಿದ್ದ. ಆಗ ಅವಳು ತಿರುಗಿ ನಿಂತಳು. ಆ ಮನೆಗೆ ಬಂದಂದಿನಿಂದ ಅತ್ತೆಯ ಎದುರಿಗೆ ಅವಳು ಅಷ್ಟು ಉದ್ದ ಮಾತು ಆಡಿರಲಿಲ್ಲ.

“ಅತ್ತೀ, ನೀವು ಕೇಳಿದ್ದು ಖರೆ. ಆದ್ರ ಡಾಕ್ಟರ ನನ್ನ ಮಾರಿ ನೋಡಿ ಅನ್ನಲಿಲ್ರಿ. ಟಾಕಾ ಕೈಯಾಗ ಹಿಡದು, ಅಕ್ಕನ ಮಾರಿ ನೋಡಿ ಅಂದ.”

ಬಸಲಿಂಗವ್ವನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಹಾಗಾದರೆ ಅಪ್ಪಣೆಯಾದದ್ದು ತಮ್ಮನ ಮಗಳಿಗೆ. ಆಕೆಯ ಕೈ ಸೀಟಿನ ಸರಳನ್ನು ಹುಡುಕಿತು. “ಸತ್ತಾಕಿನ್ನ...” ಎಂದಳು, “ಸತ್ತಾಕಿನ್ನ ನಾ ಎಲ್ಲಿಗಂತ ಹೊರಗ ಹಾಕ್ಲೆವಾ? ಆಕಿಗೆ ತವರ ಮನೀನೂ ಇದ, ಗಂಡನ ಮನೀನೂ ಇದ.”

ಆ ದನಿ ಕೇಳಿ ರುದ್ರಪ್ಪನ ಕಲ್ಲು ಒಡೆಯಿತು. “ಅವ್ವಾ, ಯಾರನ್ನೂ ಹಾಕೂದು ಬ್ಯಾಡ. ಆ ಟಾಕ ಬೆಳ್ಳೀದಲ್ಲ. ಬೆಳ್ಳಿ ಆಗ ಭಾಳ ತುಟ್ಟಿ ಆಗಿತ್ತು. ಅಂಗಡ್ಯಾಗಿನ ಜರ್ಮನ್ ತಗಡು ಕೊಟ್ಟು ನಾನ ಮಾಡಿಸೇನಿ.”

ಬಸಲಿಂಗವ್ವ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ನನ್ನ ನೀಲವ್ವನ್ನ ಜರ್ಮನ್ ಮಾಡಿ ಕುಂದರಿಸಿದೇನೋ, ಭಾಡ್ಯಾ?”

“ಸಿಟ್ಟ ಬರೂದ ಹೌದ ಬಿಡ್ರಿ ಮತ್ತ,” ಎಂದ ಹಿಂದಿನ ಸೀಟಿನ ಮುದುಕ. “ನಾನಾದ್ರೂ ಕಚ್ಚತಿದ್ದೆ.”

ಕಂಡಕ್ಟರ್ ಕೂಡ ಗಂಟೆ ಬಾರಿಸದೆ ಕಾಯುತ್ತಿದ್ದ. ಬಸಲಿಂಗವ್ವ ಮಗನಿಗೆ ಬೆನ್ನು ತಿರುಗಿಸಿದಳು. ಆಮೇಲೆ, ಬೆಕ್ಕಿಗೂ ಅಲ್ಲದೆ ಕಂಬಕ್ಕೂ ಅಲ್ಲದೆ, ಮೆಟ್ಟಿಲ ಮೇಲಿದ್ದವಳಿಗೆ ಹೇಳಿದಳು: “ಹತ್ತು ಮ್ಯಾಲ. ಬಸ್ ಬಿಡತೈತಿ.”

ಆಕೆಯ ಗಂಡನ ಬೆಳ್ಳಿಯ ಉಡದಾರ ಪೆಟ್ಟಿಗೆಯಲ್ಲಿತ್ತು. ಅದನ್ನೇ ಕರಗಿಸಿ ಹೊಸ ಟಾಕ ಮಾಡಿಸಿದರು. ಹಳೆಯದನ್ನು ಸವದತ್ತಿಯ ಹತ್ತಿರ, ಆಣೆಕಟ್ಟೆಯ ಹಿನ್ನೀರಿನಲ್ಲಿ, ಅರಿಷಿಣ ಕುಂಕುಮ ಹಚ್ಚಿ, ಕ್ಷಮೆ ಕೇಳಿ ಬಿಟ್ಟು ಬಂದರು. ಗೌರವ್ವನ ಕೊರಳ ಕಣ್ಣುಗಳು ಮುಚ್ಚಿಕೊಂಡವು, ಕೈ ನುಣ್ಣಗಾಯಿತು. ಅವಳನ್ನು ಕಳಿಸುವ ಮಾತು ಮತ್ತೆ ಯಾರ ಬಾಯಿಂದಲೂ ಬರಲಿಲ್ಲ. ನಿಕಲ್ ಎಂದರೆ ಲೋಹವೆಂದು ಕೊನೆಗೂ ಒಪ್ಪಿಕೊಂಡರೆಂದು ನೀವು ತಿಳಿಯಬೇಡಿ. ಒಂದೇ ಮಾತಿಗೆ ಜರ್ಮನ್ ಅನ್ನು ಓಡಿಸಿದ ಭಾರೀ ಮಂತ್ರಗಾರನೆಂದು ಬಸಲಿಂಗವ್ವ ಆ ಡಾಕ್ಟರನ್ನು ಊರೆಲ್ಲ ಹೊಗಳಿದಳು.

ಎಲ್ಲ ಸುಖವಾಯಿತು ಎನ್ನುವ ಹೊತ್ತಿಗೆ ನನಗೆ ಹೆದರಿಕೆ ಶುರುವಾಯಿತು. ಬೆಳಿಗ್ಗೆ ಗೋಡೆಯಾಚೆ, “ಅಕ್ಕಾ, ಇವತ್ತ ಬದನಿಕಾಯಿ ಮಾಡತೇನಿ,” ಎಂಬ ಮಾತು ಕೇಳುತ್ತಿತ್ತು. ಅಷ್ಟೇ. ಉತ್ತರಕ್ಕೆ ಜಾಗ ಬಿಡುತ್ತಿರಲಿಲ್ಲ. ಪಾತ್ರೆಯ ಸದ್ದು, ಹೆಜ್ಜೆ ಸದ್ದು, ಮುಗಿಯಿತು. ನಾನು ಕತ್ತಿ ಹಿಡಿದು ಸುಮ್ಮನೆ ನಿಂತಿರುತ್ತಿದ್ದೆ. ಮನೆಯಲ್ಲಿ ಯಾರೋ ಇದ್ದಾರೆ ಎಂಬ ಭಯಕ್ಕೆ ಮನುಷ್ಯ ಒಗ್ಗಿಕೊಳ್ಳುತ್ತಾನೆ. ಅವರು ಎದ್ದು ಹೋದ ಮೇಲಿನ ಭಯಕ್ಕೆ ಮದ್ದಿಲ್ಲ. ಆ ವರ್ಷವೇ ರಾಮದುರ್ಗಕ್ಕೆ ವರ್ಗವಾಯಿತು. ನಾನು ಅರ್ಜಿ ಕೊಟ್ಟು ಮಾಡಿಸಿಕೊಂಡದ್ದು ಎಂದು ಯಾರಿಗೂ ಹೇಳಲಿಲ್ಲ.

ನೆರಳು ಸರಿಯಿತು. ಬನ್ನಿ, ಹೋಗೋಣ.

ಬಾಗಿಲು ಅದೇ, ಬಣ್ಣ ಬೇರೆ. ಒಳಗೆ ಮಗ, ಸೊಸೆ, ಟಿ.ವಿ., ಮೊಮ್ಮಕ್ಕಳ ಗದ್ದಲ. ಬಸಲಿಂಗವ್ವ, ರುದ್ರಪ್ಪ ಫೋಟೋಗಳಾಗಿದ್ದಾರೆ. ಗೌರವ್ವ ಪಡಸಾಲೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕೂಡಲೇ ಗುರುತಿಸಿದಳು.

“ಮಾಸ್ತರ! ಭಾಳ ಮುದುಕ ಆದ್ರಿ ಬಿಡ್ರಿ.”

“ನಿಮ್ಮ ಕೈ ಹೆಂಗದಾವು?” ಎಂದೆ. ಅಷ್ಟು ವರ್ಷಗಳ ಮೇಲೆ ಕೇಳುವ ಮೊದಲ ಪ್ರಶ್ನೆ ಅದಲ್ಲ ಎಂದು ಗೊತ್ತು.

ಅವಳು ನಕ್ಕು ಎಡಗೈ ಚಾಚಿದಳು. ಬಳೆಗಳ ಹಿಂದೆ, ಮಣಿಕಟ್ಟಿನ ಒಳಬದಿಗೆ, ದಾರದಲ್ಲಿ ಬಿಗಿದ, ನಿಕಲ್ ಲೇಪದ ಒಂದು ಸೀರೆಪಿನ್ನು. ಅದರ ಕೆಳಗೆ ಕೆಂಪಗೆ ಒಂದು ಗೆರೆ. ಬೆರಳ ಸಂದಿಗಳಲ್ಲಿ ಸಾಬೂದಾಣಿ.

“ಇದೇನ್ರಿ! ಆಗೂದಿಲ್ಲಂತ ಗೊತ್ತಿದ್ದೂ?”

“ಗೊತ್ತಿದ್ದ ಕಟ್ಟೇನ್ರಿ. ಅಕ್ಕ ತೀರಿಕೊಂಡ ದಿನ ಬಂತಂದ್ರ ವರ್ಷಕ್ಕೊಮ್ಮಿ ಕಟ್ಟತೇನಿ. ಮರುದಿನ ಬರ್ತಾಳ.” ದನಿ ತಗ್ಗಿಸಿದಳು, ಟಿ.ವಿ.ಯ ಮುಂದಿದ್ದ ಸೊಸೆಗೆ ಕೇಳಬಾರದೆಂದಿರಬೇಕು. “ಬೆಳ್ಳ್ಯಾಗ ಕುಂತ ಮ್ಯಾಲ ಆಕಿ ದೊಡ್ಡ ಸಾವಕಾರ್ತಿ ಆದ್ಲು, ಮಾತ ಬಿಟ್ಲು. ಜರ್ಮನ್ನ್ಯಾಗ ಇದ್ದಾಗ ಮಾತಾಡ್ತಿದ್ಲು. ಕೈ ತುರಿಸಿದ್ರ ಬ್ಯಾಡ ಅಂದಂಗ, ತುರಿಸದಿದ್ರ ಹೂಂ ಅಂದಂಗ. ಅತ್ತಿ ನನ್ನ ಕೂಡ ಮಾತಾಡಾಕ ಹತ್ತಿದ್ದು ಆಮ್ಯಾಲ್ರಿ. ಅಲ್ಲೀತನಾ ಈ ಮನ್ಯಾಗ ನಾ ಕೇಳಿದ್ದಕ್ಕ ಜವಾಬು ಕೊಟ್ಟಾಕಿ ಆಕಿ ಒಬ್ಬಾಕಿ. ಅಂಥಾಕಿನ್ನ ನಾನು ಬಸ್ಸಿನ್ಯಾಗ, ಎಲ್ಲಾರ ಮುಂದ, ನಿಕಲ್ ಅಂದದ್ದು ಆಕಿಗೆ ಅಂತ ಹೇ‍ಳಿ ನನ್ನ ಜೀವ ಉಳಿಸಿಕೊಂಡೆ.”

ನಾನೂ ಕುಳಿತು ಒಂದು ಹಿಡಿ ಅವರೆಕಾಯಿ ಸುಲಿದೆ. ಸೊಸೆ ಚಹಾ ತಂದಿಟ್ಟಳು, ಕುಡಿದೆ. ಬಸ್ಸಿನ ಹೊತ್ತಾಗಿತ್ತು. ನಮ್ಮ ಕಡೆ ಎದ್ದು ಹೊರಟವರು ‘ಹೋಗುತ್ತೇನೆ’ ಎನ್ನುವುದಿಲ್ಲ. ಹೋಗುವಾಗಲೂ ‘ಬರುತ್ತೇನೆ’ ಎನ್ನುತ್ತಾರೆ. ಜೀವಮಾನವೆಲ್ಲ ವ್ಯಾಕರಣ ಹೇಳಿದ ನನಗೆ ಈ ಕ್ರಿಯಾಪದದ ಮರ್ಯಾದೆ ಅಂದು ಮೊದಲ ಸಲ ತಿಳಿಯಿತು.

“ಬರತೇನ್ರಿ,” ಎಂದೆ.

“ಆಕಿಗೂ ಹೇಳ್ರಿ.”

ನಾನು ಅವಳ ಬೆರಳುಗಳ ಕಡೆ ನೋಡಿದೆ. ನಗು ಬರಲಿಲ್ಲ. “ಬರತೇನ್ರಿ, ನೀಲವ್ವಾರ.”

ಗೌರವ್ವ ತಲೆ ಒಂದಿಷ್ಟು ವಾಲಿಸಿ ಕಾದಳು. ನಾನೂ ಕಾದೆ. ಆಮೇಲೆ ಅವಳ ಬಲಗೈ ತಾನಾಗಿ ಬಂದು ಎಡಗೈಯ ಬೆರಳ ಸಂದಿಯನ್ನು ಮೆಲ್ಲಗೆ ಕೆರೆಯಿತು.

“ಬ್ಯಾಡ ಅನ್ನಾಕ ಹತ್ಯಾಳ್ರಿ,” ಎಂದಳು. “ಕುಂದರ್ರಿ.”

ನಾನು ಕುಳಿತೆ.